ಎಲ್ಲ ನೆಲದ ಸಾರ್ವಭೌಮ: ಎಕ್ಸೆಲ್ ಜೊತೆ ಒಂದು ಸಂದರ್ಶನ

ಹೊಸ ಗಾಡಿ ಮಾರುಕಟ್ಟೆಗೆ ಬಂದಾಗಲೆಲ್ಲ ಓಡಿಸಿದವರ ಅಭಿಪ್ರಾಯ ಕೇಳುವುದು ವಾಹನ ಪತ್ರಿಕೆಗಳ ಪದ್ಧತಿ. ಸೀಟು ಮೆತ್ತಗಿದೆಯೇ, ಹ್ಯಾಂಡಲ್ ಹಗುರವೇ, ಪರದೆ ಬಿಸಿಲಲ್ಲಿ ಕಾಣುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಓಡಿಸಿದವರನ್ನು ಹೊತ್ತವರ ಅಭಿಪ್ರಾಯ ಮಾತ್ರ ಯಾರೂ ಕೇಳಿದಂತಿಲ್ಲ. ಎಟಿವಿ ಎಂದರೆ ದಪ್ಪ ಟೈರಿನ, ನಾಲ್ಕು ಚಕ್ರದ, ಎಂಥ ನೆಲದಲ್ಲೂ ಓಡುತ್ತೇನೆ ಎಂದು ಹೇಳಿಕೊಳ್ಳುವ ಬೈಕು. ಅದರ ಹೊಸ ಮಾದರಿಗಳ ಬಗ್ಗೆ ಅನುಭವಸ್ಥರ ಮಾತು ಬೇಕೆನಿಸಿದಾಗ ನಾವು ಹುಡುಕಿಕೊಂಡು ಹೋದದ್ದು ಬ್ರಹ್ಮಸಮುದ್ರಕ್ಕೆ. ಆಂಧ್ರದ ಅನಂತಪುರ ಜಿಲ್ಲೆ, ಕಲ್ಯಾಣದುರ್ಗದ ಕಡೆ. ಪಶ್ಚಿಮಕ್ಕೆ ಸರಿದರೆ ಕರ್ನಾಟಕದ ಚಳ್ಳಕೆರೆ ತಾಲ್ಲೂಕು. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರ್ ಆಸುಪಾಸು. ಸಮುದ್ರ ಇರುವುದು ಊರಿನ ಹೆಸರಿನಲ್ಲಿ ಮಾತ್ರ.

ಸಂದರ್ಶನ ಕೊಟ್ಟವರು ಟಿವಿಎಸ್ ಎಕ್ಸೆಲ್ ಸೂಪರ್. ಟೂ ಸ್ಟ್ರೋಕ್, 70 ಸಿಸಿ. ನಂಬರ್ ಪ್ಲೇಟಿನಲ್ಲಿ ‘ಎಪಿ 02’ ಎಂಬಷ್ಟು ಓದಲು ಬರುತ್ತದೆ, ಮಿಕ್ಕಿದ್ದನ್ನು ಬಿಸಿಲು ತಿಂದಿದೆ. ಸ್ಟ್ಯಾಂಡು ಮುರಿದಿರುವುದರಿಂದ ಬೇವಿನ ಮರಕ್ಕೆ ಒರಗಿಕೊಂಡೇ ಮಾತಾಡಿದರು.

ನಾವು: ತಮ್ಮ ಪರಿಚಯ?

ಎಕ್ಸೆಲ್: ಹುಟ್ಟಿದ್ದು ಹೊಸೂರು ಸಾಮಿ. ನಮ್ಮ ತಾತ ಟಿವಿಎಸ್ ಫಿಫ್ಟಿ 1980ರಾಗೆ ಬಂದಿದ್ದು. ಅವನಿಗೆ ಪೆಡಲ್ ಇತ್ತು. ಪೆಟ್ರೋಲು ಮುಗಿದ್ರೆ ತುಳ್ಕೊಂಡು ಮನೆ ಸೇರ್ಬೋದಿತ್ತು. ಅಂಥ ಫೀಚರ್ ಇವತ್ತು ಯಾರು ಕೊಡ್ತಾರೆ ಹೇಳಿ? ನಾನು ಈ ಊರಿಗೆ ಬಂದಮೇಲೆ ಎರಡು ಭಾಷೆ ಕಲಿತೆ. ತೆಲುಗಲ್ಲಿ ಬೈದ್ರೂ ಸ್ಟಾರ್ಟ್ ಆಗ್ತೀನಿ, ಕನ್ನಡದಾಗೆ ಬೈದ್ರೂ ಸ್ಟಾರ್ಟ್ ಆಗ್ತೀನಿ. ಬೈಯದಿದ್ರೆ ಮಾತ್ರ ಸ್ವಲ್ಪ ಕಷ್ಟ.

ನಾವು: ಎಟಿವಿ ನೋಡಿದ್ದೀರಾ?

ಎಕ್ಸೆಲ್: ಒಡೆಯನ ಮಗನ ಫೋನಿನಾಗೆ. ಕೆಸರಿನಾಗೆ ಎಗರಿ ಎಗರಿ ಬೀಳ್ತಿತ್ತು.

ನಾವು: ಅದರ ಚರಿತ್ರೆ ದೊಡ್ಡದು. 1970ರಲ್ಲಿ ಹೋಂಡಾ ಕಂಪನಿ ಮೊದಲು ಬಿಟ್ಟದ್ದು ಮೂರು ಚಕ್ರದ್ದು, 90 ಸಿಸಿ. ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಬಂತು.

ಎಕ್ಸೆಲ್: ಮೂರು ಚಕ್ರನಾ? ಬಿದ್ದಿರ್ತೈತೆ.

ನಾವು: ಬಿತ್ತು. ಅಪಘಾತ ಹೆಚ್ಚಾಗಿ 1988ರಲ್ಲಿ ಅಮೆರಿಕದಲ್ಲಿ ಕಂಪನಿಗಳು ಮೂರು ಚಕ್ರದ್ದನ್ನು ಮಾರುವುದು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಸುಜುಕಿಯವರು ನಾಲ್ಕು ಚಕ್ರದ್ದನ್ನು ತಂದಿದ್ದರು.

ಎಕ್ಸೆಲ್: ನೋಡಿ, ಎರಡು ಚಕ್ರ ಇದ್ರೆ ಬೀಳ್ತೀವಿ ಅಂತ ಮೊದಲೇ ಗೊತ್ತಿರ್ತೈತೆ. ಸವಾರ ಕಾಲು ರೆಡಿ ಇಟ್ಕೊಂಡಿರ್ತಾನೆ. ಮೂರಿದ್ರೆ ಬೀಳಲ್ಲ ಅನ್ನೋ ಧೈರ್ಯ ಬತ್ತೈತೆ. ಆ ಧೈರ್ಯಾನೇ ಬೀಳ್ಸೋದು. ನಾಲ್ಕಿದ್ರೂ ಬೀಳ್ತಾವಂತಲ್ಲ?

ನಾವು: ಹೌದು. ಆಸ್ಟ್ರೇಲಿಯಾದಲ್ಲಿ ರೈತರೇ ಅದರಡಿ ಸಿಕ್ಕಿ ಸತ್ತದ್ದರಿಂದ 2021ರಿಂದ ಅಲ್ಲಿ ಹೊಸ ಗಾಡಿಗೆ, ಮಗುಚಿದಾಗ ಸವಾರನನ್ನು ಕಾಯುವ ಚೌಕಟ್ಟು ಕಡ್ಡಾಯ ಮಾಡಿದರು.

ಎಕ್ಸೆಲ್: ನಮ್ಮದ್ರಾಗೆ ಹುಲ್ಲಿನ ಹೊರೆ ಐತೆ. ಮಗುಚಿದ್ರೆ ಸವಾರ ಅದರ ಮೇಲೇ ಬೀಳ್ತಾನೆ. ಸರ್ಕಾರ ಹೇಳಿ ಹಾಕಿಸಿದ್ದಲ್ಲ.

ನಾವು: ಹೊಸ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿದೆ, ನೆಲದಿಂದ 11 ಇಂಚು ಎತ್ತರವಿದೆ, ಸಿಕ್ಕಿಬಿದ್ದರೆ ತನ್ನನ್ನು ತಾನೇ ಎಳೆದುಕೊಳ್ಳುವ ವಿಂಚ್ ಇದೆ.

ಎಕ್ಸೆಲ್: ತನ್ನನ್ನ ತಾನೇ ಎಳ್ಕೊಳ್ಳೋದು ಒಳ್ಳೇದೇ. ಹಗ್ಗ ಕಟ್ಟೋಕೆ ಮರ ಬೇಕಲ್ಲ ಸಾಮಿ. ಈ ಬೇವು ಬಿಟ್ರೆ ಈ ಕಡೆ ಮರ ಎಲ್ಲೈತೆ? ಬಳ್ಳಾರಿ ಜಾಲಿಗೆ ಕಟ್ಟಿದ್ರೆ ಅದೇ ಕಿತ್ಕೊಂಡು ಬತ್ತೈತೆ. ನಾನು ಸಿಕ್ಕೊಂಡ್ರೆ ಒಡೆಯ ಇಳಿದು ಹಿಂದಿನಿಂದ ನೂಕ್ತಾನೆ, ಅವನ ಹೆಂಡ್ತಿ ಮುಂದಿನ ಬುಟ್ಟಿ ಹಿಡ್ಕೊಂಡು ಎಳೀತಾಳೆ. ನಾಲ್ಕು ಕಾಲಿನ ಎಳೆತ ಅಂದ್ರೆ ಅದು.

ನಾವು: ಹೊರೆಯ ಬಗ್ಗೆ ಹೇಳಿ. ನಿಮ್ಮ ಕುಲದ ಹೊಸ ತಲೆಮಾರಿಗೆ ಕಂಪನಿ ಬರೆದಿರುವುದು 130 ಕೆ.ಜಿ.

ಎಕ್ಸೆಲ್: (ಸೈಲೆನ್ಸರ್‌ನಲ್ಲಿ ಒಮ್ಮೆ ಕೆಮ್ಮಿ) ಬರೀಲಿ. ಪಾಪ, ಅವರು ಹೊಸೂರಿನಾಗೆ ಕೂತು ಬರೀತಾರೆ. ಯೂರಿಯಾ ಮೂಟೆ 45 ಕೆ.ಜಿ. ಹಿಂದೆ ಎರಡು, ಮುಂದೆ ಒಂದು, ಮೇಲೆ ಒಡೆಯ, ಒಡೆಯನ ಹಿಂದೆ ಮೂಟೆ ಮೇಲೆ ಅವನ ಬಾಮೈದ. ಲೆಕ್ಕ ನೀವೇ ಹಾಕ್ಕೊಳ್ಳಿ. ಹಾಲಿನ ಕ್ಯಾನು ಎರಡು ಮಗ್ಗುಲಿಗೆ, ಗ್ಯಾಸ್ ಸಿಲಿಂಡರ್ ಕಾಲ ಹತ್ರ, ಔಷಧಿ ಹೊಡೆಯೋ ಟ್ಯಾಂಕು ಬೆನ್ನಿಗೆ. ಕುರಿಮರಿ ಇದ್ರೆ ಚೀಲದಾಗೆ ಹಾಕಿ ತಲೆ ಆಚೆ ಬಿಟ್ಟು ತಗಲಾಕ್ತಾರೆ. ಅವು ಟ್ರಾಫಿಕ್ ನೋಡ್ಕೊಂಡು ಬತ್ತಾವೆ.

ಇದೆಲ್ಲ ಬಿಡಿ, ಸುಲಭ. ಬೋರ್ ಮೋಟ್ರು ಸುಟ್ಟ ದಿನ ಐತಲ್ಲ, ಅದು ಪರೀಕ್ಷೆ. ಬೆಳೆ ಕಾಯಿ ಕಟ್ಟೋ ಹೊತ್ತಿಗೇ ಅದು ಸುಡ್ತೈತೆ, ಯಾಕೋ ಗೊತ್ತಿಲ್ಲ. ಪೈಪು ಎತ್ತಿ, ಮೋಟ್ರು ಬಿಚ್ಚಿ, ವೈಂಡಿಂಗಿಗೆ ಕಲ್ಯಾಣದುರ್ಗಕ್ಕೆ ಒಯ್ಯಬೇಕು. ಉದ್ದಕ್ಕೆ ಕಟ್ಟಿದ್ರೆ ಹಿಂದೆ ಬರೋನಿಗೆ ತಿವೀತೈತೆ, ಅಡ್ಡ ಕಟ್ಟಿದ್ರೆ ಬಸ್ಸಿನೋರು ಬಾಯಿಗೆ ಬಂದಂಗೆ ಬೈತಾರೆ. ಅದಕ್ಕೆ ಹ್ಯಾಂಡಲ್‌ಗೂ ಸೀಟಿಗೂ ನಡುವೆ ನೆಟ್ಟಗೆ ನಿಲ್ಲಿಸಿ, ಹಳೇ ಟ್ಯೂಬು ಕುಯ್ದ ರಬ್ಬರಿನಾಗೆ ಬಿಗಿದು, ಮೇಲಿನ ತುದಿ ಒಡೆಯನ ಹೆಗಲಿಗೆ ಒರಗಿಸಿಕೊಂಡು ಹೋಗ್ತೀವಿ, ಜ್ವರ ಬಂದ ಮಗೂನ್ನ ಆಸ್ಪತ್ರೆಗೆ ಒಯ್ದಂಗೆ. ಅಲ್ಲಿ ತಂತಿ ಸುತ್ತೋವರೆಗೂ ನಾನು ಅಂಗಡಿ ಮುಂದೆ ನಿಂತಿರ್ತೀನಿ. ಒಡೆಯ ನನ್ನ ಮೇಲೇ ಕೂತ್ಕೊಂಡು ಫೋನಿನಾಗೆ ಸಾಲ ಕೇಳ್ತಾನೆ. ಯಾರು ಎಷ್ಟು ಬಡ್ಡಿ ಹೇಳಿದ್ರು, ಯಾರು ಫೋನ್ ಎತ್ತಲಿಲ್ಲ, ಎಲ್ಲಾ ನನಗೆ ಗೊತ್ತು. ಎಟಿವಿಗೆ ಜಿಪಿಎಸ್ ಐತಂತೆ, ದಾರಿ ತೋರಿಸ್ತೈತಂತೆ. ಈ ದಾರಿ ತೋರಿಸಿದ್ರೆ ಹೇಳಿ, ನಮ್ಮೂರೋರು ಎಲ್ಲಾ ತಗೊಳ್ತಾರೆ.

ನಾವು: ಈಗ ಎಲೆಕ್ಟ್ರಿಕ್ ಎಟಿವಿಯೂ ಬಂದಿದೆ. ಕೆನಡಾದ ಕಂಪನಿಯದು, 2024ರಲ್ಲಿ ಹೊರಬಿತ್ತು. ಶಬ್ದವಿಲ್ಲ, ಹೊಗೆಯಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 50 ಕಿಲೋಮೀಟರ್.

ಎಕ್ಸೆಲ್: ಕಲ್ಯಾಣದುರ್ಗಕ್ಕೆ ಹೋಗಿಬಂದ್ರೆ ಮುಗೀತು. ಆಮೇಲೆ ಮೋಟ್ರಿಗೆ ಕರೆಂಟು ಕೊಡೋದಾ, ಗಾಡಿಗೆ ಕೊಡೋದಾ? ಮನೇಲಿ ಜಗಳ ಬೇಡ ಸಾಮಿ. ಪೆಟ್ರೋಲೇ ವಾಸಿ. ಅದೂ ಗಡಿ ದಾಟಿ ಕರ್ನಾಟಕದ ಬಂಕಿನಾಗೆ ಹಾಕಿಸ್ಕೊಂಡ್ರೆ ಲೀಟರಿಗೆ ನಾಲ್ಕಾರು ರೂಪಾಯಿ ಉಳೀತೈತೆ. ಪರಶುರಾಂಪುರದ ಸಂತೆಗೆ ಹೋದಾಗ ಟ್ಯಾಂಕು ತುಂಬಿಸ್ಕೊಂಡು ಬತ್ತೀವಿ. ಎರಡು ರಾಜ್ಯದ ಏಕೀಕರಣ ನನ್ನ ಟ್ಯಾಂಕಿನಾಗೆ ಆಗೈತೆ.

ನಾವು: ಎಟಿವಿ ಓಡಿಸಿದ ನಮ್ಮ ಬೆಂಗಳೂರಿನ ಸವಾರರಂತೂ ಬಹಳ ಮೆಚ್ಚಿದ್ದಾರೆ. ನಂದಿಬೆಟ್ಟದ ಬುಡದಲ್ಲಿ, ಸಕಲೇಶಪುರ, ಮಡಿಕೇರಿ ಕಡೆಯ ರೆಸಾರ್ಟುಗಳಲ್ಲಿ ಸುತ್ತಿಗಿಷ್ಟು ಎಂದು ದುಡ್ಡು ಕೊಟ್ಟು ಓಡಿಸುತ್ತಾರೆ. ‘ಸಸ್ಪೆನ್ಷನ್ ಅದ್ಭುತ’, ‘ಕೆಸರಿನ ಅನುಭವ ಮರೆಯಲಾಗದ್ದು’ ಎಂಬ ಅಭಿಪ್ರಾಯಗಳಿವೆ.

ಎಕ್ಸೆಲ್: ಬೇಸಿಗೇಲಿ ಕೆಸರು ಎಲ್ಲಿಂದ ಬತ್ತೈತೆ?

ನಾವು: ಪೈಪಿನಲ್ಲಿ ನೀರು ಬಿಟ್ಟು ಮಾಡುತ್ತಾರೆ.

ಎಕ್ಸೆಲ್: (ಬಹಳ ಹೊತ್ತು ಮಾತಿಲ್ಲ.) ಮುಂದಿನದು ಕೇಳಿ.

ನಾವು: ಮರಳು ದಿಬ್ಬ ಏರುವುದು ಎಟಿವಿಯ ಹೆಗ್ಗಳಿಕೆ. ದುಬೈಗೆ ಹೋದವರು ಅದನ್ನೇ ಮೊದಲು ಮಾಡುತ್ತಾರೆ.

ಎಕ್ಸೆಲ್: ದುಬೈ ಯಾಕೆ? ರಾಯದುರ್ಗ ದಾಟಿ ಕಣೇಕಲ್ಲು, ದರ್ಗಾ ಹೊನ್ನೂರು ಕಡೆ ಹೋಗಿ. ನಮ್ಮ ವೇದಾವತಿನೇ ಅಲ್ಲಿ ಹಗರಿ. ಹೊಳೆ ಒಣಗಿ, ಗಾಳಿಗೆ ಮರಳು ಎದ್ದು ಹೊಲದ ಮೇಲೆ ಬಂದು ಕೂತೈತೆ. ಸಿನಿಮಾದೋರು ಮರಳುಗಾಡಿನ ಸೀನು ಬೇಕು ಅಂತ ಬಂದು ಶೂಟಿಂಗ್ ಮಾಡ್ಕೊಂಡು ಹೋದ್ರು. ಅಲ್ಲಿ ನಮ್ಮೋರು ಇದ್ದಾರೆ, ನಮ್ಮ ಕುಲದ ಗಾಡಿಗಳು. ಟೈರಿನ ಗಾಳಿ ಸ್ವಲ್ಪ ಇಳಿಸಿ, ಎರಡೂ ಕಾಲು ನೆಲಕ್ಕೆ ಊರ್ಕೊಂಡು ಹೋಗ್ತಾರೆ. ಅದನ್ನ ಸಾಹಸ ಅಂತ ಯಾರೂ ಫೋಟೋ ತೆಗ್ಯೋದಿಲ್ಲ. ಹೊಲಕ್ಕೆ ಹೋಗೋ ದಾರಿ ಅದೊಂದೇ, ಅದಕ್ಕೆ ಹೋಗ್ತಾರೆ. ಇನ್ನ ಹೊಳೆ ಮೇಲ್ಗಡೆ ವಾಣಿವಿಲಾಸ ಸಾಗರದ ಅಣೆಕಟ್ಟೆ 89 ವರ್ಷ ಆದಮೇಲೆ 2022ರಾಗೆ ಕೋಡಿ ಬಿತ್ತಲ್ಲ, ಆಗ ಈ ಹೊಳೇಲಿ ನೀರು ನೋಡಿ ನನಗೇ ದಿಗಿಲಾಯ್ತು. ನೀರಿನಾಗೆ ಓಡೋ ಅಭ್ಯಾಸ ಇರಲಿಲ್ಲ.

ನಾವು: ಎಟಿವಿಯನ್ನು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ರಸ್ತೆಗೆ ಬಿಡುವುದಿಲ್ಲ, ನೋಂದಣಿಯಿಲ್ಲ. ಪೊಲಾರಿಸ್ ಕಂಪನಿ ಮಾತ್ರ ತನ್ನ ಸ್ಪೋರ್ಟ್ಸ್‌ಮನ್ 570 ಅನ್ನು ಟ್ರ್ಯಾಕ್ಟರ್ ಎಂಬ ವರ್ಗದಲ್ಲಿ ನೋಂದಾಯಿಸಿ ರಸ್ತೆಗೆ ಇಳಿಸಿತು. ಆಗಿನ ಬೆಲೆ ಸುಮಾರು ಎಂಟು ಲಕ್ಷ.

ಎಕ್ಸೆಲ್: ಟ್ರ್ಯಾಕ್ಟರ್ ಅಂತನಾ! ಹಂಗೂ ಮಾಡ್ಬೋದಾ? ಮೊದಲೇ ಗೊತ್ತಿದ್ರೆ ನಾನು ಎತ್ತು ಅಂತ ರಿಜಿಸ್ಟರ್ ಆಗ್ತಿದ್ದೆ. ಟ್ಯಾಕ್ಸೂ ಇಲ್ಲ, ಇನ್ಶೂರೆನ್ಸೂ ಇಲ್ಲ, ಸಂಕ್ರಾಂತಿಗೆ ಮೈ ತೊಳೆದು ಕೊಂಬಿಗೆ ಬಣ್ಣ ಬೇರೆ. ಎಂಟು ಲಕ್ಷ ಅಂದ್ರೆ ನಮ್ಮೋರು ಎಷ್ಟು ಜನ ಬತ್ತಾರೆ?

ನಾವು: ಹತ್ತಕ್ಕಿಂತ ಹೆಚ್ಚು.

ಎಕ್ಸೆಲ್: ಹತ್ತು ಮನೆಗೆ ಹತ್ತು ಗಾಡಿ, ಇಲ್ಲ ಒಬ್ಬನ ಮನೇಲಿ ಒಂದು ಗಾಡಿ. ಸರಿ.

ನಾವು: ನಿಮ್ಮ ಕುಲದ ಹೊಸ ಮಾದರಿಗಳ ಬಗ್ಗೆ? 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸೆಲ್ 100 ಬಂತು. ಆಮೇಲೆ ಗುಂಡಿ ಒತ್ತಿದರೆ ಸ್ಟಾರ್ಟ್, ಫೋನ್ ಚಾರ್ಜಿಂಗ್. 2025ರಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು.

ಎಕ್ಸೆಲ್: ಟ್ಯೂಬ್‌ಲೆಸ್ ಒಳ್ಳೇದು. ಜಾಲಿ ಮುಳ್ಳಿಗೆ ನಮ್ಮಂಥೋರು ಬಳಲಿ ಹೋಗಿದ್ದೀವಿ. ಪಂಚರ್ ಅಂಗಡಿಯೋನು ಮಾತ್ರ ಮುಖ ಸಪ್ಪಗೆ ಮಾಡ್ಕೊಂಡಿದ್ದಾನೆ. ಆಯಿಲು ಬೆರೆಸೋದು ಹೋಯ್ತು, ಹೊಗೆ ಹೋಯ್ತು, ಒದೆಯೋದೂ ಹೋಯ್ತು. ಬೆಳಗಿನ ಹೊತ್ತು ಒಡೆಯ ಒದ್ದು ಬೈದ್ರೆ ಮನೇಲಿ ಹೆಂಡ್ತಿ ಮಕ್ಕಳ ಮೇಲೆ ಆ ಸಿಟ್ಟು ಹೋಗ್ತಿರಲಿಲ್ಲ. ಈ ಗುಂಡಿ ಬಂದಮೇಲೆ ಏನಾಗ್ತಿದೆಯೋ. ಹಿಂದಿನ ಸೀಟು ಬಿಚ್ಚಬಹುದು ಅಂತ ಕಂಪನಿಯೋರು ದೊಡ್ಡದಾಗಿ ಹೇಳ್ತಾರೆ. ಬಿಚ್ಚಿದ್ದನ್ನ ವಾಪಸ್ ಹಾಕಿದ್ದು ಈ ಊರಾಗೆ ಒಂದು ಮನೇಲೂ ಕಾಣೆ. ಅದರ ಮೇಲೆ ಕೂತ್ಕೊಂಡು ಮುದುಕೀರು ಕಾಯಿ ಸುಲೀತಾರೆ.

ನಾವು: ಇಷ್ಟೆಲ್ಲ ಸೇವೆ ಇದ್ದರೂ ಹುಡುಗರಿಗೆ ನೀವೆಂದರೆ ನಾಚಿಕೆ ಎನ್ನುತ್ತಾರೆ.

ಎಕ್ಸೆಲ್: ಒಡೆಯನ ಮಗ ಅನಂತಪುರದಾಗೆ ಇಂಜಿನಿಯರಿಂಗ್ ಓದ್ತಾನೆ. ಬಸ್ ಸ್ಟ್ಯಾಂಡಿಗೆ ಅಪ್ಪ ಬಿಡೋಕೆ ಬಂದ್ರೆ ಒಂದು ಬೀದಿ ಹಿಂದೇನೇ ಇಳ್ಕೊಳ್ತಾನೆ. ಅವನೂ ಅವನ ಗೆಳೆಯರೂ ಸೇರಿ ನಿಮ್ಮ ಎಟಿವಿ ಥರದ್ದೇ ಒಂದು ಗಾಡಿ ಕಟ್ಟಿದ್ರು. ಮಧ್ಯಪ್ರದೇಶದ ಪೀತಾಂಪುರದಾಗೆ ಬಾಹಾ ಅಂತ ಪಂದ್ಯ ನಡೀತೈತಂತೆ, 2007ರಿಂದ. ಪೆಟ್ರೋಲು ಗಾಡಿಯೋರಿಗೆಲ್ಲಾ ಒಂದೇ ಥರ ಇಂಜಿನ್ನು, ಹತ್ತು ಕುದುರೆ ಶಕ್ತಿ. ಕೊನೆಗೆ ನಾಲ್ಕು ಗಂಟೆ ರೇಸು. ರಜೆಗೆ ಬಂದಾಗ ಆ ಗಾಡಿಯ ಪೈಪುಗಳನ್ನ ಬಗ್ಗಿಸೋಕೆ, ವೆಲ್ಡಿಂಗ್ ಮಾಡಿಸೋಕೆ ಹೊತ್ತುಕೊಂಡು ತಿರುಗಿದ್ದು ಯಾರು ಅಂತೀರಿ? ರಾತ್ರಿ ಹೊತ್ತು. ಯಾರೂ ನೋಡಬಾರ್ದು ಅಂತ.

ಪಂದ್ಯದಾಗೆ ವ್ಯಾಪಾರದ ಲೆಕ್ಕಾನೂ ಒಪ್ಪಿಸಬೇಕಂತೆ. ಅದಕ್ಕೆ ಸವಾರರ ಅಭಿಪ್ರಾಯ ಸಂಗ್ರಹ ಅಂತ ಒಂದು ಕಾಗದ ಮಾಡಿದ್ದ. ‘ಹೊಸ ಎಟಿವಿಯಲ್ಲಿ ಯಾವ ಫೀಚರ್ ಬಯಸುತ್ತೀರಿ?’ ಅಂತ ಇಪ್ಪತ್ತು ಪ್ರಶ್ನೆ. ಅಪ್ಪನಿಗೂ ಒಂದು ಕೊಟ್ಟ. ಒಡೆಯ ನನ್ನ ಸೀಟಿನ ಮೇಲೇ ಕಾಗದ ಇಟ್ಕೊಂಡು, ಇಪ್ಪತ್ತಕ್ಕೂ ಒಂದೇ ಉತ್ತರ ಬರೆದ: ಕ್ಯಾರಿಯರ್. ಮಗ ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.

ನಾವು: ಪಂದ್ಯದಲ್ಲಿ ಗೆದ್ದರೇ?

ಎಕ್ಸೆಲ್: ಮೂರನೇ ಗಂಟೆಗೆ ಚಕ್ರದ ಆಕ್ಸಲ್ ಮುರೀತಂತೆ. ಬೆಸುಗೆ ಹಾಕಿಸ್ಕೊಂಡು ಬರೋಕೆ ಅಲ್ಲಿ ಟೀ ಅಂಗಡಿಯೋನ ಗಾಡಿ ಇಸ್ಕೊಂಡು, ಒಬ್ಬ ಓಡಿಸಿ, ಒಬ್ಬ ಆಕ್ಸಲ್ ತೊಡೆ ಮೇಲೆ ಇಟ್ಕೊಂಡು ಹೋದ್ರಂತೆ. ಯಾವ ಗಾಡಿ ಅಂತ ಆ ಹುಡುಗನ್ನೇ ಕೇಳಿ. ನಾನು ಹೇಳಿದ್ರೆ ಜಂಬ ಅಂತೀರಿ.