ಮಾತುಬಿಟ್ಟ ಬ್ಯಾಟರಿಗಳು

ಮನೆಯ ಇನ್ವರ್ಟರಿಗೆ ಒಂದು ಲಿಥಿಯಂ ಬ್ಯಾಟರಿ ಸಾಲದೆಂದು ಇನ್ನೊಂದನ್ನು ತಂದು, ಪ್ಲಸ್‌ಗೆ ಪ್ಲಸ್ಸು ಮೈನಸ್‌ಗೆ ಮೈನಸ್ಸು ಬಿಗಿದುಬಿಡುವ ಉತ್ಸಾಹಿಗಳಿದ್ದಾರೆ. ಡಿಸ್ಟಿಲ್ಡ್ ವಾಟರ್ ಕುಡಿಯುವ ಹಳೆಯ ಲೆಡ್ ಆಸಿಡ್ ಬ್ಯಾಟರಿಗಳು ಇದನ್ನೆಲ್ಲ ಹೇಗೋ ಸಹಿಸಿಕೊಳ್ಳುತ್ತಿದ್ದವು. ಲಿಥಿಯಂ ಪ್ಯಾಕಿನ ಹೊಟ್ಟೆಯಲ್ಲಿ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಕೂತಿರುತ್ತದೆ, ತೊಂದರೆ ಅಲ್ಲೇ ಶುರು. ಎರಡು ಪ್ಯಾಕಿನ ಎರಡು ಬಿಎಂಎಸ್ ಎಂದರೆ ಒಂದೇ ಅಡುಗೆಮನೆಯಲ್ಲಿ ಮಾತುಬಿಟ್ಟ ಓರಗಿತ್ತಿಯರು. ಒಬ್ಬಳು ‘ನನ್ನ ಕೈಲಾಗಲ್ಲ’ ಎಂದು ಕದ ಹಾಕಿಕೊಂಡರೆ ಇನ್ನೊಬ್ಬಳಿಗೆ ಸುದ್ದಿಯೇ ಇಲ್ಲ, ಇಡೀ ಲೋಡು ಅವಳ ತಲೆಗೆ. ಮಿಕ್ಸಿ, ಫ್ರಿಜ್ಜು, ಪಂಪು ಒಟ್ಟಿಗೆ ಜಗ್ಗಿದಾಗ ಅವಳಿಗೂ ಮುನಿಸು. ಮನೆ ಕತ್ತಲು.

ಸೇರಿಸುವ ಗಳಿಗೆ ಇನ್ನೂ ಗಂಡಾಂತರದ್ದು. ಈ ಪ್ಯಾಕುಗಳ ಒಳರೋಧ ಮಿಲಿಓಮ್ ಲೆಕ್ಕದಲ್ಲಿರುತ್ತದೆ. ತಂತಿಯೂ ಸೇರಿ 20 ಮಿಲಿಓಮ್ ಅಂದುಕೊಳ್ಳಿ. ಬರೀ 1 ವೋಲ್ಟ್ ಹೆಚ್ಚುಕಮ್ಮಿಗೆ 50 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಚಾರ್ಜು ಎಷ್ಟಿದೆಯೆಂದು ತಿಳಿಯಲು ವೋಲ್ಟ್ ಮೀಟರನ್ನೇ ನಂಬಿದಿರೋ, ಕೆಟ್ಟಿರಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು ಅರ್ಧ ಖಾಲಿಯಾದರೂ 3.2 ವೋಲ್ಟಿನ ಆಸುಪಾಸಿನಲ್ಲೇ ಗಂಭೀರವಾಗಿ ನಿಂತಿರುತ್ತದೆ.

ಆದ್ದರಿಂದ ಒಂದೇ ರಸಾಯನದ, ಒಂದೇ ವೋಲ್ಟೇಜಿನ ಪ್ಯಾಕು ತನ್ನಿ. ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಜೋಡಿಸಿ. ಒಂದೊಂದಕ್ಕೂ ಅದರದೇ ಫ್ಯೂಸ್ ಇರಲಿ, ಕೇಬಲ್‌ಗಳ ಉದ್ದ ಸಮ ಇರಲಿ (ಜಿಪುಣರು ಎಡವುವುದು ಇಲ್ಲೇ). ಒಂದು ಕೈಕೊಟ್ಟರೂ ಇನ್ನೊಂದೇ ಲೋಡನ್ನೆಲ್ಲ ಹೊರುವಂತಿದ್ದರೆ ಲೇಸು. ಹೀಗೆ ಪ್ಯಾರಲಲ್ ಆಗಿ ಜೋಡಿಸಲು ಒಪ್ಪಿಗೆ ಇದೆಯೇ ಎಂದು ಪ್ಯಾಕಿನ ಕೈಪಿಡಿಯನ್ನು ಕೇಳಿ. ‘ಏನೂ ಆಗಲ್ಲ ಬಿಡಿ ಸಾರ್’ ಎನ್ನುವವರನ್ನಲ್ಲ.