ಕಟ್ಟೆಯ ಮೇಲಿನ ದೊಡ್ಡಪ್ಪ

ಮಳಗಿಗೆ ಬಂದ ನೆಂಟರಿಗೆ ತೋರಿಸಲು ನಮ್ಮ ಹತ್ತಿರ ಮೂರು ಜಾಗಗಳಿವೆ. ಮೊದಲನೆಯದು ಊರಿನ ಧರ್ಮಾ ಜಲಾಶಯ. ಅಣೆಕಟ್ಟು ನಮ್ಮೂರಲ್ಲಿ, ನೀರು ಹರಿಯುವುದು ಹಾನಗಲ್ಲಿನ ಹೊಲಗದ್ದೆಗಳಿಗೆ. ಹೀಗಾಗಿ ನಮ್ಮ ಪಾಲಿಗೆ ಉಳಿದದ್ದು ನೋಡುವ ಹಕ್ಕೊಂದೇ, ಅದನ್ನು ನಾವು ಧಾರಾಳವಾಗಿ ನೆಂಟರಿಗೆ ಹಂಚುತ್ತೇವೆ. ಎರಡನೆಯದು ಮುಂಡಗೋಡಿನ ಟಿಬೆಟನ್ ಕ್ಯಾಂಪು. 1966ರಿಂದ ಅಲ್ಲಿ ನೆಲೆ ನಿಂತವರನ್ನು ನೆಂಟರು ಕಣ್ಣರಳಿಸಿ ನೋಡುತ್ತಾರೆ, ಅವರು ಮಾತ್ರ ನಮ್ಮವರಂತೆಯೇ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತಿರುತ್ತಾರೆ. ಮೂರನೆಯದು ನಮ್ಮ ತಾಲ್ಲೂಕಿನಲ್ಲಿಲ್ಲ, ನಮ್ಮ ಜಿಲ್ಲೆಯಲ್ಲೂ ಇಲ್ಲ. ಆದರೂ ಅದರ ಮೇಲೆ ನಮ್ಮ ಮನೆಯವರಿಗೆ ಇರುವಷ್ಟು ಅಧಿಕಾರ ಬೇರೆ ಯಾರಿಗೂ ಇಲ್ಲವೆಂದು ನಮ್ಮ ನಂಬಿಕೆ. ಅದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಪಿ.ಬಿ. ರೋಡಿನ ಪಕ್ಕಕ್ಕಿರುವ ಉತ್ಸವ ರಾಕ್ ಗಾರ್ಡನ್.

ಬೇಸಿಗೆ ರಜೆಗೆ ಬೆಂಗಳೂರು, ಪುಣೆ, ಹುಬ್ಬಳ್ಳಿಯಿಂದ ಮಕ್ಕಳು ಮೊಮ್ಮಕ್ಕಳು ಬಂದು ಸೇರಿ, ಮನೆಯಲ್ಲಿ ಚಾಪೆ ಸಾಲದಾದಾಗ ಯಾರಾದರೊಬ್ಬರು ಆ ಮಾತು ತೆಗೆಯುತ್ತಾರೆ. "ಮತ್ತ ಅಲ್ಲೇನು? ಹೋದ ವರ್ಷ ನೋಡೇವಲ್ಲ" ಎಂದು ಇನ್ನೊಬ್ಬರು ಅನ್ನುತ್ತಾರೆ. ಅನ್ನುತ್ತಲೇ ಕ್ರೂಸರ್ ಗಾಡಿಯವನಿಗೆ ಫೋನ್ ಹಚ್ಚುವವರೂ ಅವರೇ. ಆಮೇಲೆ ಜಗಳ ದಾರಿಯದು. ಮುಂಡಗೋಡು ದಾಟಿದ ಮೇಲೆ ತಡಸದ ಮೇಲಿಂದ ಹೋಗಿ ಹೆದ್ದಾರಿ ಹಿಡಿಯಬೇಕೊ, ಬಂಕಾಪುರದ ಮೇಲಿಂದ ಶಿಗ್ಗಾವಿಗೆ ಬೀಳಬೇಕೊ? ಅಪ್ಪ ತಡಸದ ಪಕ್ಷ, ಅವರಿಗೆ ಬೇಗ ಮುಟ್ಟಬೇಕು. ದೊಡ್ಡಪ್ಪ ಬಂಕಾಪುರದ ಪಕ್ಷ, ಅವರಿಗೆ ಕೋಟೆಯೊಳಗೆ ಅರವತ್ತು ಕಂಬದ ಗುಡಿ ನೋಡಬೇಕು, ನವಿಲು ಕಾಣಬೇಕು. ಅಲ್ಲಿ 2006ರಿಂದ ನವಿಲುಧಾಮವೆಂದು ಬೋರ್ಡೇ ಇದೆ. ಆದರೆ ನವಿಲುಗಳು ಬೋರ್ಡು ಓದಿಲ್ಲ. ನಾವು ಹೋದಾಗ ಅವು ಜಾಲಿಗಿಡದ ಹಿಂದಿನಿಂದ ಕೂಗುತ್ತವೆಯೇ ಹೊರತು ಎದುರಿಗೆ ಬರುವುದು ಅಪರೂಪ. ಕೊನೆಗೆ ಹೋಗುವಾಗ ಬಂಕಾಪುರ, ಬರುವಾಗ ತಡಸ ಎಂದು ಆಯಿ ತೀರ್ಪು ಕೊಡುತ್ತಾಳೆ. ಪ್ರತಿ ವರ್ಷವೂ ಇದೇ ತೀರ್ಪು, ಪ್ರತಿ ವರ್ಷವೂ ಜಗಳ ಹೊಸದು.

ರಾಕ್ ಗಾರ್ಡನ್ ಎಂಬ ಹೆಸರು ಕೇಳಿ ಬಂಡೆಗಲ್ಲು ಹುಡುಕುತ್ತ ಬಂದವರಿಗೆ ಅಲ್ಲಿ ನಿರಾಶೆಯೇ. ಚಂಡೀಗಢದಲ್ಲಿ ನೇಕ್ ಚಂದ್ ಎಂಬ ರಸ್ತೆ ಇನ್‌ಸ್ಪೆಕ್ಟರ್ 1957ರಿಂದ ಸರ್ಕಾರಕ್ಕೂ ಗೊತ್ತಾಗದ ಹಾಗೆ ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲು ಎಲ್ಲ ಸೇರಿಸಿ ಕಟ್ಟಿ, 1976ರಲ್ಲಿ ಜನರಿಗೆ ತೆರೆದ ತೋಟದಿಂದ ಆ ಹೆಸರು ದೇಶಕ್ಕೆಲ್ಲ ಹಬ್ಬಿತು. ಗೊಟಗೋಡಿಯಲ್ಲಿ ಇರುವುದು ಒಂದು ಊರು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿಸಿದ್ದು. ಕುಂಬಾರ, ಕಮ್ಮಾರ, ಬಳೆಗಾರ, ಕುರಿ ಹಿಂಡಿನವ, ಬಾವಿಕಟ್ಟೆಯ ಹೆಂಗಸರು, ಎಮ್ಮೆ, ಎತ್ತು, ಗೌಡರ ವಾಡೆ, ಸಂತೆ, ಎಲ್ಲ ಆಳೆತ್ತರದವು, ಎಲ್ಲಕ್ಕೂ ಬಣ್ಣ. ನಿಜವಾದ ಮನುಷ್ಯರನ್ನೇ ಎದುರಿಗೆ ಕೂಡಿಸಿಕೊಂಡು ಮಾಡಿದ್ದು ಎಂದು ನನ್ನ ಕಾಕಾ ಪ್ರತಿ ಸಲ ಹೊಸದಾಗಿ ಹೇಳುತ್ತಾರೆ, ತಾವೂ ಒಂದು ದಿನ ಕೂತಿದ್ದೆ ಎಂಬ ಧಾಟಿಯಲ್ಲಿ.

ಸೊಲಬಕ್ಕನವರ ದೊಡ್ಡಾಟದ ಹುಚ್ಚಿನವರು. 2020ರಲ್ಲಿ ತೀರಿಕೊಳ್ಳುವವರೆಗೂ ಆ ಆಟದ ಸಲುವಾಗಿ ಓಡಾಡಿದವರು. ನನಗೆ ಆ ಮೂರ್ತಿಗಳನ್ನು ನೋಡಿದಾಗಲೆಲ್ಲ ಅದು ನೆನಪಾಗುತ್ತದೆ. ಆಟದ ನಡುವೆ ಭಾಗವತ ತಾಳ ನಿಲ್ಲಿಸಿದಾಗ ಪಾತ್ರಧಾರಿಗಳೆಲ್ಲ ಇದ್ದಲ್ಲೇ ನಿಂತಂತೆ ಅವು ನಿಂತಿವೆ. ಸರ್ಕಲ್ಲಿನಲ್ಲಿ ನಿಲ್ಲಿಸುವ ಪ್ರತಿಮೆಗಳ ಹಾಗೆ ಕೈಯೆತ್ತಿ ನಮ್ಮನ್ನು ಉದ್ಧಾರ ಮಾಡಲು ಬಂದವರು ಇಲ್ಲಿ ಇಲ್ಲ. ಒಬ್ಬಳು ನೀರು ಸೇದುತ್ತಾಳೆ, ಒಬ್ಬ ಬೀಡಿ ಸೇದುತ್ತಾನೆ. ಪ್ರವಾಸಿಗಳು ಬಂದರೂ ಬಾರದಿದ್ದರೂ ಅವರಿಗೆ ಅಷ್ಟೇ.

ಆಯಿಗೆ ಹಿಡಿಸಿದ್ದು ಇದೇ. "ಯಾರೂ ನಮ್ಮ ಕಡಿ ನೋಡಂಗಿಲ್ಲ. ಪಾಪ, ಕೆಲಸದಾಗ ಅದಾರ" ಎಂದು ಮೊದಲ ಸಲ ಬಂದಾಗಲೇ ಸರ್ಟಿಫಿಕೇಟ್ ಕೊಟ್ಟಳು. ಹಾಗಂತ ತಪ್ಪು ಹುಡುಕುವುದನ್ನು ಬಿಟ್ಟವಳಲ್ಲ. ಜನ್ಮವಿಡೀ ಹಟ್ಟಿ, ಹಿತ್ತಲು, ಒಲೆ ಮಾಡಿದವಳು ಟಿಕೆಟ್ ತೆಗೆಸಿಕೊಂಡು ಒಳಗೆ ಹೋಗಿ ಇನ್ನೊಬ್ಬರ ಹಟ್ಟಿ, ಹಿತ್ತಲು, ಒಲೆಯ ತಪಾಸಣೆಗೆ ನಿಂತರೆ ಹೇಗಿರುತ್ತದೆ ನೀವೇ ಊಹಿಸಿ. ಸೊಸೆಯಂದಿರ ಅಡುಗೆಮನೆಯಲ್ಲಿ ಈಗ ಬಾಯಿ ಬಿಡುವ ಹಾಗಿಲ್ಲವಲ್ಲ, ವರ್ಷದ ಮಾತೆಲ್ಲ ಇಲ್ಲಿ ಹೊರಬರುತ್ತದೆ. ಎಮ್ಮೆ ಹಿಂಡುತ್ತ ಕೂತ ಹೆಂಗಸಿನ ಮುಂದೆ ಆಕೆಯ ನಿಲುಗಡೆ ಎಲ್ಲಕ್ಕಿಂತ ದೊಡ್ಡದು. ಸೊಂಟದ ಮೇಲೆ ಕೈಯಿಟ್ಟು, ಬಾಗಿ, ಬೆರಳಿನ ಹಿಡಿತ ನೋಡಿ, ತಂಬಿಗೆ ನೋಡಿ, ಎಮ್ಮೆಯ ಮುಖವನ್ನೂ ನೋಡಿ ಬರುತ್ತಾಳೆ. ಒಂದು ವರ್ಷ ಬಹಳ ಹೊತ್ತು ನೋಡಿ ಅಂದಳು: "ನಾ ಬಂದಾಗೆಲ್ಲ ಹಿಂಡಾಕತ್ತಾಳ, ತಂಬಿಗಿ ಇನ್ನೂ ತುಂಬಿಲ್ಲ. ಎಮ್ಮಿ ಬತ್ತೇತಿ ಅಂತ ಯಾರರ ಹೇಳ್ರವ್ವ ಆಕಿಗೆ." ಪಕ್ಕದಲ್ಲಿ ನಿಂತಿದ್ದ ಯಾವುದೋ ಊರಿನ ಹೆಂಗಸರು ಗುಂಪಾಗಿ ನಕ್ಕರು. ಆಯಿ ನಗಲಿಲ್ಲ. ಎಮ್ಮೆಯ ವಿಷಯದಲ್ಲಿ ಆಕೆ ತಮಾಷೆ ಮಾಡುವವಳಲ್ಲ.

ಚಿಗವ್ವನದು ಬೇರೆ ದಾರಿ. ಆಕೆಗೆ ಮೂರ್ತಿಗಳಲ್ಲಿ ಬೀಗರು ಕಾಣುತ್ತಾರೆ. ಬಾವಿಯ ಹತ್ತಿರ ಕೊಡ ಹೊತ್ತವಳು ಹಾನಗಲ್ಲಿನ ಅತ್ತಿ. ಅಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತ ಬೊಜ್ಜಿನ ಯಜಮಾನ ನಮ್ಮ ಕಡೆಯ ಒಬ್ಬ ಮಾಮಾ, ಅದೇ ಹೊಟ್ಟೆ, ಅದೇ ಮೀಸೆ, ಸಾಲ ಕೇಳಿದರೆ ಬೇರೆ ಕಡೆ ನೋಡುವ ಅದೇ ನೋಟ. ಒಂದೆರಡು ವರ್ಷದಲ್ಲಿ ಈ ನಾಮಕರಣ ಮನೆಮಂದಿಗೆಲ್ಲ ರೂಢಿಯಾಯಿತು. "ಅತ್ತಿ ಹತ್ರ ಹೋಗಬ್ಯಾಡ, ಜಾರತೈತಿ", "ಚಪ್ಲಿ ಮಾಮಾನ ಮುಂದ ಬಿಟ್ಟು ಬಂದೀನಿ" ಎಂದೇ ಅಲ್ಲಿ ನಮ್ಮ ಮಾತು. ದೊಡ್ಡವರು ಹೊರಗೆ ಬಂದ ಮೇಲೆ ಮರೆಯುತ್ತಾರೆ, ಮಕ್ಕಳು ಮರೆಯಬೇಕಲ್ಲ. ಮರುವರ್ಷ ನಿಜವಾದ ಮಾಮಾ ಮದುವೆ ಕಾರ್ಡು ಕೊಡಲು ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದ್ದೇ ತಡ, ಪುಣೆಯ ತಂಗಿಯ ಮಗ ಒಳಗಿಂದ ಓಡಿಬಂದು ನಿಂತುಬಿಟ್ಟ. ಕಣ್ಣು ಬಾಯಿ ಎರಡೂ ತೆರೆದು, "ಅಮ್ಮಾ, ಮಾಮಾ ಎದ್ದು ಬಂದಾನ!" ಎಂದು ಕೂಗಿದ. ಚಿಗವ್ವ ಚಹಾದ ನೆಪ ಹೇಳಿ ಅಡುಗೆಮನೆ ಸೇರಿದವಳು ಮಾಮಾ ಹೋಗುವವರೆಗೆ ಹೊರಗೆ ಬರಲಿಲ್ಲ.

ಊಟದ ಮಾತು ಹೇಳದೆ ಮುಂದೆ ಹೋದರೆ ದೊಡ್ಡವ್ವ ಕ್ಷಮಿಸುವುದಿಲ್ಲ. ಬುತ್ತಿ ಆಕೆಯ ಖಾತೆ. ಕಟಕ್ ರೊಟ್ಟಿ, ಜುಣಕದ ವಡಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಕೊನೆಗೆ ಯಾರೂ ಕೇಳದಿದ್ದರೂ ಒಂದು ಡಬ್ಬಿ ಕರದಂಟು. ತೋಟದ ಹೊರಗೆ ಮರದ ನೆರಳಲ್ಲಿ ಚಾಪೆ ಹಾಸಿ ಉಂಡು, ಅಲ್ಲೇ ಅರ್ಧ ತಾಸು ಕಾಲು ಚಾಚುವುದೂ ಕಾರ್ಯಕ್ರಮದ ಭಾಗ. ಆ ಗೊಟಗೋಡಿಯಲ್ಲೇ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ, ಅದರ ನೆರೆಯಲ್ಲೇ ಈ ಮೂರ್ತಿಗಳ ಹಳ್ಳಿ. ಅಲ್ಲಿ ಏನು ಕಲಿಸುತ್ತಾರೆಂದು ಆಯಿ ಕೇಳಿದಳು. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಎಲ್ಲ ಎಂದೆ. ರೊಟ್ಟಿಯ ತುಂಡು ಕೈಯಲ್ಲೇ ನಿಂತಿತು. "ಮಾಸ್ತರಗ ಪಗಾರ ಕೊಡತಾರೇನು?" ಎಂದು ಕೇಳಿದಳು. ಹೌದೆಂದೆ. ಆಮೇಲೆ ಆ ದಿನ ಆಯಿ ನಮ್ಮ ಯಾರ ಮುಂದೆಯೂ ಒಂದು ಪದವನ್ನೂ ಪುಕ್ಕಟೆ ಹಾಡಲಿಲ್ಲ.

ಬೆಂಗಳೂರಿನ ಅಕ್ಕನ ಮಕ್ಕಳಿಗೆ ಮೊದಮೊದಲು ಇದೆಲ್ಲ ಸಪ್ಪೆ. ಅವರದು ವಂಡರ್‌ಲಾ ಲೆಕ್ಕ. 2005ರಲ್ಲಿ ಬಿಡದಿ ಹತ್ತಿರ ಅದು ಶುರುವಾದಾಗಿನಿಂದ ಬೆಂಗಳೂರಿನ ನೆಂಟರ ಮನೆಗೆ ಹೋದವರನ್ನು ಅಲ್ಲಿಗೆ ಒಯ್ಯುವುದು ಪದ್ಧತಿ. ನಮ್ಮನ್ನೂ ಒಯ್ದಿದ್ದರು. ದೊಡ್ಡಪ್ಪ ಯಾವುದಕ್ಕೂ ಹತ್ತಲಿಲ್ಲ. ನೆರಳಲ್ಲಿ ಕೂತು, ತಲೆಕೆಳಗಾಗಿ ತಿರುಗುತ್ತ ಚೀರುವ ಜನರನ್ನು ಮಧ್ಯಾಹ್ನವಿಡೀ ನೋಡಿದರು. "ಹೆದರೂದಕ್ಕ ರೊಕ್ಕ ಯಾಕ ಕೊಡಬೇಕು? ನಮ್ಮೂರಾಗ ಮಳೆಗಾಲದಾಗ ರಾತ್ರಿ ಹಿತ್ತಲಕ್ಕ ಹೋದ್ರ ಪುಕ್ಕಟ ಹೆದರಬಹುದು" ಎಂಬುದು ಅವರ ಅಭಿಪ್ರಾಯ. ಅಕ್ಕನ ಮಕ್ಕಳು ಮಾತ್ರ ಗೊಟಗೋಡಿಗೆ ಬಂದಾಗ "ಇಲ್ಲಿ ರೈಡ್ಸ್ ಎಲ್ಲಿ?" ಎಂದು ಕೇಳಿದರು. ದೋಣಿ ತೋರಿಸಿದೆವು. ಈಗ ದೊಡ್ಡವರಾಗಿದ್ದಾರೆ, ದೋಣಿಯ ಮಾತೆತ್ತುವುದಿಲ್ಲ. ಹೆಗಲ ಮೇಲೆ ಕಂಬಳಿ ಹೊತ್ತ ಮುದುಕನ ಮೂರ್ತಿಯ ಪಾದದ ಬಿರುಕುಗಳನ್ನು ಕ್ಯಾಮೆರಾ ಹತ್ತಿರ ಹಿಡಿದು ತೆಗೆಯುತ್ತಾರೆ. ಅಂಥದೇ ಬಿರುಕು ಬಿಟ್ಟ ಕಾಲು ಚಾಚಿಕೊಂಡು ಆಯಿ ಪಕ್ಕದಲ್ಲೇ ಕೂತಿದ್ದರೂ ಆ ಕಡೆ ಕ್ಯಾಮೆರಾ ತಿರುಗುವುದಿಲ್ಲ.

ಥೀಮ್ ಪಾರ್ಕುಗಳ ಹಿರಿಯಣ್ಣ ವಾಲ್ಟ್ ಡಿಸ್ನಿಯೂ ಮಾಡಿದ್ದು ಊರನ್ನೇ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಬಾಗಿಲಲ್ಲೇ ಒಂದು ಪೇಟೆಬೀದಿ ಹಾಕಿದ. ತಾನು ಹುಡುಗನಾಗಿ ಬೆಳೆದ ಮಿಸ್ಸೌರಿಯ ಮಾರ್ಸಲೀನ್ ಎಂಬ ಸಣ್ಣ ಊರಿನ ನೆನಪು ಅದು. ಮೇಲಂತಸ್ತುಗಳನ್ನು ಕೆಳಗಿನದಕ್ಕಿಂತ ಸಣ್ಣದಾಗಿ ಕಟ್ಟಿಸಿ, ಕಟ್ಟಡ ಇರುವುದಕ್ಕಿಂತ ಎತ್ತರ ಕಾಣುವ ಹಾಗೆ ಮಾಡಿದ. ನೆನಪಿನ ಊರನ್ನು ಹೀಗೆ ತೊಳೆದು ಒರೆಸಿ ಇಡುವುದು ಒಂದು ಬಗೆ. ಸೊಲಬಕ್ಕನವರ ಹರಕು ಅಂಗಿ, ಉಬ್ಬುಹಲ್ಲು, ಜೋಲುಹೊಟ್ಟೆ ಯಾವುದನ್ನೂ ಬಿಡಲಿಲ್ಲ. ನನ್ನ ಮತ ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನಾನು ಡಿಸ್ನಿಲ್ಯಾಂಡ್ ನೋಡಿಲ್ಲ, ಬೀಗರ ಪರ ಮಾತಾಡುತ್ತಿದ್ದೇನೆ ಎಂದರೂ ನಡೆಯುತ್ತದೆ.

ಇನ್ನು ದೊಡ್ಡಪ್ಪ. ಅವರು ಧೋತರ, ಬಿಳಿ ನೆಹರೂ ಅಂಗಿ, ಪಟಗಾದ ಮನುಷ್ಯ. ಒಂದು ವರ್ಷ ಊಟವಾದ ಮೇಲೆ ಮತ್ತೆ ಒಳಗೆ ಹೋಗಿ ಒಂದು ಕಟ್ಟೆಯ ಮೇಲೆ, ಹರಟೆ ಹೊಡೆಯುವ ಮೂರ್ತಿಗಳ ಪಕ್ಕದಲ್ಲಿ, ಬೆತ್ತಕ್ಕೆ ಗದ್ದ ಊರಿ ಕೂತಿದ್ದರು. ತೂಕಡಿಕೆ ಬಂದಿರಬೇಕು. ಹುಬ್ಬಳ್ಳಿಯ ಕಾಲೇಜು ಹುಡುಗಿಯರ ತಂಡ ಬಂದು ಅವರ ಅಕ್ಕಪಕ್ಕ ಕೂತು ಮೊಬೈಲು ಎತ್ತಿತು. ಒಬ್ಬಳು ಪಟಗಾ ಮುಟ್ಟಿ, "ಎಷ್ಟ್ ಖರೇ ಮಾಡ್ಯಾರಲೇ!" ಅಂದಳು. ದೊಡ್ಡಪ್ಪನಿಗೆ ಎಚ್ಚರವಾಗಿತ್ತು. ಆದರೆ ಪುಣ್ಯಾತ್ಮ ಅಲುಗಾಡಲಿಲ್ಲ. ಫೋಟೋ ಮುಗಿದು ಹುಡುಗಿಯರು ಏಳುವಾಗ ಗಂಟಲು ಸರಿಮಾಡಿಕೊಂಡು, "ಛಲೋ ಬಂತೇನವ್ವಾ?" ಎಂದರು. ಆ ಚೀರಾಟ ಬಿಡದಿಯಲ್ಲೂ ನಾವು ಕೇಳಿರಲಿಲ್ಲ.

ಅಂದಿನಿಂದ ದೊಡ್ಡಪ್ಪನಿಗೆ ಗೊಟಗೋಡಿ ಎಂದರೆ ಆ ಕಟ್ಟೆ. ಹೊರಡುವ ಹಿಂದಿನ ದಿನ ಧೋತರಕ್ಕೆ ನೀಲಿ ಹಾಕಿಸುತ್ತಾರೆ, ಮೀಸೆ ತಿದ್ದಿಸುತ್ತಾರೆ. ತೋಟದೊಳಗೆ ಕಾಲಿಟ್ಟದ್ದೇ ಸೀದಾ ಹೋಗಿ ಜಾಗ ಹಿಡಿಯುತ್ತಾರೆ. ಕೆಲವು ವರ್ಷ ಒಳ್ಳೆಯ ಬೆಳೆ, ಕೆಲವು ವರ್ಷ ಯಾರೂ ಮೋಸ ಹೋಗುವುದಿಲ್ಲ. ಮೋಸ ಹೋಗದ ವರ್ಷ ಬರುವಾಗ ಗಾಡಿಯಲ್ಲಿ ಮಾತಿಲ್ಲ, ಕರದಂಟೂ ಬೇಡ. ಕೊರೊನಾ ಕಾಲದಲ್ಲಿ ಹೋಗಲಾಗದಿದ್ದಾಗ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆಯೇ ಹಾಗೆ ಕೂತು ನೋಡಿದರು. ಶಿರಸಿ ಬಸ್ಸಿಗೆ ಹೊರಟವರೆಲ್ಲ "ಆರಾಮ್ರೀ ಗೌಡ್ರ?" ಎಂದು ಮಾತಾಡಿಸಿ ಕಲೆಯನ್ನು ಕೆಡಿಸಿದರು.

ಈ ಸಲ ಹೋದಾಗ ಜನ ಬಹಳ. ಕಟ್ಟೆಯ ಮುಂದೆ ಒಬ್ಬ ಹುಡುಗ ದೊಡ್ಡ ಕ್ಯಾಮೆರಾ ಹಿಡಿದು ಹಿಂದೆ ಮುಂದೆ ಓಡಾಡಿ, ಕೊನೆಗೆ, "ಅಜ್ಜಾರ, ಒಂಚೂರು ಸರೀರಿ, ಮೂರ್ತಿ ಕಾಣವಲ್ವು" ಎಂದ. ನಾವೆಲ್ಲ ಉಸಿರು ಬಿಗಿಹಿಡಿದೆವು. ದೊಡ್ಡಪ್ಪ ಸರಿಯಲಿಲ್ಲ. "ಎಲ್ಲಿ ಮಟ ಸರೀಲೋ ತಮ್ಮಾ? ಇವರು ಬರೂಕಿಂತ ಮೊದಲಿಂದ ನಾ ಕುಂತೀನಿ ಇಲ್ಲಿ" ಎಂದರು. ಇವರು ತೋಟದ ಕಡೆಯ ಮನುಷ್ಯರೇ ಇರಬೇಕೆಂದು ಹುಡುಗನಿಗೆ ಅನ್ನಿಸಿತೋ ಏನೋ, ದನಿ ತಗ್ಗಿಸಿ, ಕುಡಿಯುವ ನೀರು ಎಲ್ಲಿದೆಯೆಂದು ವಿಚಾರಿಸಿದ. ದೊಡ್ಡಪ್ಪ ಗದ್ದ ಬೆತ್ತದ ಮೇಲಿಂದ ಎತ್ತದೆ ಬೆರಳು ಮಾತ್ರ ತೋರಿಸಿದರು:

"ಸೀದಾ ಹೋಗು. ಎಲಿ ತಿನ್ಕೋತ ನಮ್ಮ ಮಾಮಾ ಕುಂತಾನ, ಅಲ್ಲಿ ಎಡಕ್ಕ ಹೊಳ್ಳು. ರೊಕ್ಕಾ ಗಿಕ್ಕಾ ಕೇಳಬ್ಯಾಡ, ಕೊಡಂಗಿಲ್ಲ ಅಂವ."