ಕಾದಂಬರಿ ಕಾಕಾ

ವಿಜಯಪುರದ ಗಾಂಧಿ ಚೌಕದಲ್ಲಿ ಸಲಹೆಗೆ ಬರಗಾಲವಿಲ್ಲ. ದ್ರಾಕ್ಷಿಗೆ ಯಾವ ಔಷಧ ಹೊಡೀಬೇಕು, ಮಂಡಿನೋವಿಗೆ ಯಾವ ಎಣ್ಣೆ ತಿಕ್ಕಬೇಕು, ಮಗನನ್ನು ಯಾವ ಕಾಲೇಜಿಗೆ ಹಾಕಬೇಕು, ಒಂದೊಂದು ವಿಷಯಕ್ಕೂ ಒಬ್ಬೊಬ್ಬ ತಜ್ಞರು ಪುಕ್ಕಟೆ ಸಿಗುತ್ತಾರೆ. ದಪ್ಪ ಪುಸ್ತಕದ ಖಾತೆ ಮಾತ್ರ ನಮ್ಮ ಕಾಕಾ ಅವರದು.

ಕಾಕಾ ಖಜಾನೆಯ ಲೆಕ್ಕಪತ್ರ ಬರೆದು ನಿವೃತ್ತರಾದವರು. ಸಂಜೆಯಾದರೆ ಚಹಾದಂಗಡಿಯ ಬಾಕಿನ ಮೇಲೆ ಅವರು, ಬಗಲಲ್ಲಿ ಖಾಕಿ ರಟ್ಟು ಹಾಕಿದ ವಿಕ್ಟರ್ ಹ್ಯೂಗೋನ ‘ಲೆ ಮಿಸರೆಬಲ್ಸ್’. ಸಾವಿರ ಪುಟ ದಾಟಿದ ಆ ಇಂಗ್ಲಿಷ್ ಅನುವಾದವನ್ನು ಅವರು ಬಿಚ್ಚಿದ್ದನ್ನು ಕಂಡವರಿಲ್ಲ. ಆದರೆ ಅದನ್ನು ಹೇಗೆ ಓದಬೇಕೆಂದು ಕೇಳಿದವರನ್ನು ಬರಿಗೈಲಿ ಕಳಿಸಿದ್ದೂ ಇಲ್ಲ.

ಒಮ್ಮೆ ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಆ ರಟ್ಟು ನೋಡಿ, “ಕಾಕಾರ, ನಾನೂ ಇದನ್ನ ತಂದೀನ್ರಿ. ಎಲ್ಲಿಂದ ಚಾಲೂ ಮಾಡ್ಲಿ ತಿಳೀವಲ್ದು” ಅಂದಳು. ಕಾಕಾ ಬಶಿಗೆ ಚಹಾ ಸುರುವಿದರು, ಊದಿದರು, ಒಂದು ಗುಟುಕು ಎಳೆದರು. ದೊಡ್ಡ ಸಲಹೆಗೆ ಅಷ್ಟು ಪೀಠಿಕೆ ಬೇಕಾಗುತ್ತದೆ.

“ದಿನಕ್ಕ ಒಂದ ಅಧ್ಯಾಯ ತಂಗಿ. ಬರೋಬ್ಬರಿ 365 ಅದಾವು. ಎಂಥಾ ಶಾಣ್ಯಾ ನೋಡು ಹ್ಯೂಗೋ! ಲೀಪ್ ವರ್ಷದಾಗ ಒಂದಿನ ಸೂಟೀನೂ ಕೊಟ್ಟಾನ. ಸಿದ್ಧೇಶ್ವರ ಜಾತ್ರಿ ಮುಗದ ಮರುದಿನ ಹಿಡದ್ರ ಮುಂದಿನ ಜಾತ್ರಿಗೆ ಮುಗೀತದ.”

“ನಡಬರಕ ಬ್ಯಾಸರಾದ್ರ?”

“ಹಾರಸೂದು! ವಾಟರ್‌ಲೂ ಯುದ್ಧ ಬಂತಂದ್ರ ಹತ್ತೊಂಬತ್ತೂ ಅಧ್ಯಾಯ ಹಾರಸು. ಪ್ಯಾರಿಸ್ಸಿನ ಗಟಾರ ಬಂತಂದ್ರ ಮೂಗು ಮುಚಗೊಂಡು ದಾಟು. ಹಳಕಟ್ಟಿಯವರು ಮನಿ ಮಾರಿ ಪ್ರೆಸ್ ಹಾಕಿ ವಚನ ಅಚ್ಚ ಹಾಕಿಸಿದ ಊರು ನಮ್ದು. ಹೇಳೂದನ್ನ ನಾಕ ಸಾಲಿನಾಗ ಹೇಳಿ ಕೈ ತೊಳಕೊಂಡ್ರು ಶರಣರು. ಇಂವಾ? ಗೋಳಗುಮ್ಮಟದಾಗ ಕೆಮ್ಮಿದಂಗ, ಒಂದ ಮಾತು ಏಳ ಸಲ! ಮತ್ತ ಮೊದಲ 1789ರ ಫ್ರೆಂಚ್ ಕ್ರಾಂತಿ ಓದಿಕೊಂಡ ಹೋಗು, ಕಡೀಕ ಅದರದ ಹೊಡದಾಟ ಬರ್ತದ.”

ಬರುವುದು 1832ರ ಜೂನಿನ ದಂಗೆ. ನಲವತ್ತಮೂರು ವರ್ಷದ ವ್ಯತ್ಯಾಸ. ಖಜಾನೆಯಲ್ಲಾಗಿದ್ದರೆ ಕಾಕಾ ಅದನ್ನು ಬಿಡುತ್ತಿರಲಿಲ್ಲ.

ಅಂದು ಅವರು ಎಲೆ ಅಡಿಕೆ ತರಲು ಎದ್ದಾಗ ಪುಸ್ತಕ ನನ್ನ ಕೈಗೆ ಬಂತು. ಎರಡನೆಯ ಅಧ್ಯಾಯದಲ್ಲಿ ಹ್ಯೂಗೋ ಒಬ್ಬ ಸಜ್ಜನ ಬಿಷಪ್ಪನ ಮನೆಖರ್ಚಿನ ಪಟ್ಟಿ ಕೊಟ್ಟಿದ್ದಾನೆ. ವರ್ಷದ ಸಂಬಳ 15,000, ಅದರಲ್ಲಿ ತನಗೆಂದು ಇಟ್ಟುಕೊಂಡದ್ದು 1,000, ಮಿಕ್ಕದ್ದೆಲ್ಲ ದಾನಧರ್ಮ. ಪ್ರತಿ ಬಾಬಿನ ಮುಂದೂ ಕೆಂಪು ಪೆನ್ಸಿಲಿನ ರೈಟು. ಕೆಳಗೆ ‘ತಾಳೆ ಇದೆ’ ಎಂದು ಬರೆದು ಸಣ್ಣ ಸಹಿ. ಅಲ್ಲಿಂದಾಚೆ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಪರಿವಿಡಿಯ ಪುಟ ಮಾತ್ರ ಬೆರಳಾಡಿ ಆಡಿ ಹಪ್ಪಳದಂತಾಗಿತ್ತು. 1862ರಲ್ಲಿ, ದೇಶ ಬಿಟ್ಟು ಗರ್ನ್‌ಸಿ ದ್ವೀಪದಲ್ಲಿದ್ದಾಗ ಇದನ್ನು ಪ್ರಕಟಿಸಿದ ಹ್ಯೂಗೋಗೆ ಕೋಟಿಗಟ್ಟಲೆ ಓದುಗರು ಸಿಕ್ಕಿರಬಹುದು. ಲೆಕ್ಕ ಪಾಸು ಮಾಡಿ ಸಹಿ ಹಾಕಿದವರು ಇವರೊಬ್ಬರೇ ಇರಬೇಕು.

ಕಥಾನಾಯಕ ಜಾನ್ ವಾಲ್ಜಾನ್ ಬರುವುದೇ ಹದಿನೈದನೆಯ ಅಧ್ಯಾಯಕ್ಕೆ. ಕಾಕಾಗೆ ಅವನ ಪರಿಚಯ ಆದದ್ದು ಬೇರೆ ದಾರಿಯಿಂದ: ಶಾಲೆಯ ಇಂಗ್ಲಿಷ್ ಪಠ್ಯದಲ್ಲಿದ್ದ ಬಿಷಪ್ಪನ ದೀಪಸ್ತಂಭಗಳ ಏಕಾಂಕ, ಮತ್ತು ಸೊಹ್ರಾಬ್ ಮೋದಿಯ 1955ರ ‘ಕುಂದನ್’ ಸಿನಿಮಾ. ಅಷ್ಟರಲ್ಲೇ ಅವರು ಸಂಸಾರ ತೂಗಿಸುತ್ತಾರೆ. ನಾನು ಅದನ್ನು ತಪ್ಪೆನ್ನುವುದಿಲ್ಲ. ಈಜು ಬಾರದ ಎಷ್ಟೋ ಜನ ದಂಡೆಯಲ್ಲಿ ನಿಂತು ಒಳ್ಳೆಯ ಸೂಚನೆ ಕೊಡುತ್ತಾರೆ.

ವಾಟರ್‌ಲೂ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಆ ಹತ್ತೊಂಬತ್ತರಲ್ಲಿ ಕೊನೆಯದನ್ನು ಬಿಟ್ಟರೆ ಕೆಟ್ಟಿತು. ಯುದ್ಧ ಮುಗಿದ ರಾತ್ರಿ ತೆನಾರ್ದಿಯೇ ಎಂಬ ಕದೀಮ ಹೆಣಗಳ ಕಿಸೆ ತಡಕುತ್ತ, ಬದುಕಿದ್ದ ಒಬ್ಬ ಅಧಿಕಾರಿಯನ್ನೂ ದೋಚುತ್ತಾನೆ. ಆತ ಇವನನ್ನೇ ಪ್ರಾಣ ಉಳಿಸಿದವನೆಂದು ತಿಳಿಯುತ್ತಾನೆ. ಆ ಋಣ ಮುಂದೆ ಅವನ ಮಗ ಮಾರಿಯಸ್‌ನ ಕೊರಳಿಗೆ ಬೀಳುತ್ತದೆ. ಅದೇ ಮಾರಿಯಸ್‌ನನ್ನು ವಾಲ್ಜಾನ್ ಹೆಗಲ ಮೇಲೆ ಹೊತ್ತು ದಾಟುವುದು ಕಾಕಾ ಮೂಗು ಮುಚ್ಚಿಕೊಳ್ಳುವ ಗಟಾರದಲ್ಲೇ.

ಹುಡುಗಿ ಮುಂದಿನ ಜಾತ್ರೆಗೆ ಮೊದಲೇ ಬಂದಳು. ಒಂದನ್ನೂ ಹಾರಿಸಿರಲಿಲ್ಲ.

“ಕಾಕಾರ, ಕಡೀಕ ವಾಲ್ಜಾನ್ ಸಾಯೂ ಮುಂದ ಆ ಬೆಳ್ಳಿ ದೀಪಸ್ತಂಭ...”

“ಅವೆಲ್ಲಿ ಉಳೀತಾವು ತಂಗಿ? ಮಾರಿ, ಆ ರೊಕ್ಕದಾಗ ಕಾರ್ಖಾನಿ ತಗದ್ನಲ್ಲ!”

“ಇಲ್ರೀ. ತಾಟು ಚಮಚ ಅಷ್ಟ ಮಾರಿದ. ದೀಪಸ್ತಂಭ ಕಡೀತನಕ ಇಟಗೊಂಡಿದ್ದ. ಸಾಯೂ ಮುಂದ ಅವು ಉರೀತಿದ್ದು. ಮಗಳಿಗೆ ಬಿಟ್ಟ ಹೋದ.”

ಬಾಕಿನ ಮೇಲಿದ್ದ ನಾವೆಲ್ಲ ಕಾಕಾ ಕಡೆ ತಿರುಗಿದೆವು. ಅವರು ಬಶಿ ಕೆಳಗಿಟ್ಟರು, ಧೋತರದ ಚುಂಗಿನಿಂದ ಮೀಸೆ ಒರೆಸಿಕೊಂಡರು.

“ನಿಂದು ಹೊಸಾ ಎಡಿಶನ್ ಇರಬೇಕ ತಂಗಿ,” ಅಂದರು. “ನಮ್ಮ ಕಾಲದ್ದರಾಗ ಮಾರಿದ್ದ.”